ಚೌಕಟ್ಟಿನ ಮೇಲಿನ ಐವತ್ತೆರಡು ಸೆಕೆಂಡು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು? ಸುದ್ದಿ ಬಂದ ದಿನದಿಂದ ಎಂದರೆ ನೀವು ಮೊದಲ ಸಾಲಿಗೇ ಕಣ್ಣೊರೆಸಿಕೊಳ್ಳಲು ಸಿದ್ಧರಾಗುತ್ತೀರಿ. ಅದು ನನ್ನ ತಮ್ಮನಿಗೆ ಹಿಡಿಸದು. ಪ್ರೊಸೆಸರ್ ಎಂದರೇನು ಎಂಬಲ್ಲಿಂದ ಎಂದರೆ ನೀವು ಎದ್ದೇ ಹೋಗುತ್ತೀರಿ. ಅದು ನನಗೆ ಹಿಡಿಸದು. ನಾನು ನಲವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವಳು. ಬೇರೆಯವರ ಆರಂಭಗಳಲ್ಲಿ ತಪ್ಪು ಹುಡುಕಿ ಅನ್ನ ತಿಂದವಳಿಗೆ ಸ್ವಂತ ಆರಂಭವೊಂದು ಕೈಗೆ ಸಿಗುತ್ತಿಲ್ಲ.

ಇರಲಿ, ಸುದ್ದಿಯಿಂದಲೇ. ಬೆಳಗಿನ ಹನ್ನೊಂದು ಗಂಟೆ. ಕಂಪ್ಯೂಟರಿನ ಮುಂದೆ ಕುಳಿತು, ಪ್ರಾರ್ಥನೆಯ ಹಾಡುಗಳ ಪಟ್ಟಿಗೆ ಹೊಸದೊಂದು ಹಾಡಿನ ಮೊದಲ ಸಾಲನ್ನು ಸೇರಿಸುತ್ತಿದ್ದೆ. ತಮ್ಮನ ಮಗಳು ಫೋನು ಮಾಡಿದಳು. "ಅತ್ತೆ, ಅಪ್ಪ ಅಂಗಡೀಲಿ ಕೂತಲ್ಲೇ ಹೋಗ್ಬಿಟ್ರು" ಎಂದಳು. ಸಾಲು ಅರ್ಧಕ್ಕೇ ನಿಂತಿತು. ಜೀವಮಾನದಲ್ಲಿ ನಾನು ಅರ್ಧಕ್ಕೆ ಬಿಟ್ಟ ಮೊದಲ ಸಾಲು ಅದು.

(ಕೊನೆಯ ವಾಕ್ಯ ಸ್ವಲ್ಪ ಉಬ್ಬಿದೆ. ಒಲೆಯ ಮೇಲೆ ಹಾಲು ಉಕ್ಕಿದಾಗ ಇನ್ನೂ ಕೆಲವನ್ನು ಬಿಟ್ಟಿದ್ದೇನೆ.)

೨

ತಮ್ಮನದು ಡೆಸ್ಕ್‌ಟಾಪ್ ಕಂಪ್ಯೂಟರ್ ಜೋಡಿಸಿಕೊಡುವ ಅಂಗಡಿ. ಎರಡು ಕೋಣೆ: ಮುಂದೆ ಗಿರಾಕಿಗಳು, ಹಿಂದೆ ಕೆಲಸದ ಮೇಜು. ಎರಡರ ನಡುವಿನ ಬಾಗಿಲ ಚೌಕಟ್ಟಿನ ಎಡಗಡೆ ಪೆನ್ಸಿಲ್ ಗೀಟುಗಳಿವೆ: ಮಗಳು ಹುಟ್ಟುಹಬ್ಬದಿಂದ ಹುಟ್ಟುಹಬ್ಬಕ್ಕೆ ಎಷ್ಟೆತ್ತರ ಬೆಳೆದಳು ಎಂಬ ಲೆಕ್ಕ. ಬಲಗಡೆಯೂ ಗೀಟುಗಳಿವೆ, ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ. ಅವು ಪ್ರೊಸೆಸರುಗಳವು.

ಹೊಸ ಪ್ರೊಸೆಸರ್ ಬಂದಾಗಲೆಲ್ಲ ಅವನು ಒಂದೇ ಪರೀಕ್ಷೆ ಮಾಡುತ್ತಿದ್ದ. ನನ್ನ ಹಾಡುಗಳ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಲು ಅದಕ್ಕೆ ಎಷ್ಟು ಹೊತ್ತು ಬೇಕು? ಅದಕ್ಕೆಂದು ಹರೆಯದಲ್ಲಿ ಒಂದು ಪ್ರೋಗ್ರಾಂ ಬರೆದಿದ್ದ. ಮಹಾ ಮಂಕು ಪ್ರೋಗ್ರಾಂ. ಪ್ರತಿ ಸಾಲನ್ನೂ ಉಳಿದ ಎಲ್ಲ ಸಾಲುಗಳ ಪಕ್ಕದಲ್ಲಿಟ್ಟು ನೋಡುತ್ತದೆ. ಚುರುಕು ಮಾಡಬಾರದೇ ಎಂದು ಕೇಳಿದ್ದಕ್ಕೆ, ಅಳತೆಪಟ್ಟಿಯನ್ನೇ ಎಳೆದರೆ ಮಗು ಬೆಳೆದದ್ದು ಹೇಗೆ ತಿಳಿಯುತ್ತದೆ ಎಂದು ನನ್ನ ಬಾಯಿ ಮುಚ್ಚಿಸಿದ.

ಮೊದಲ ಗೀಟು, ನಲವತ್ತೊಂದು ನಿಮಿಷ. ಒಂದೂವರೆ ವರ್ಷದಲ್ಲಿ ಇಪ್ಪತ್ತು. ಆಮೇಲೆ ಹತ್ತು. ಆಮೇಲೆ ಐದು. ಆ ದಿನಗಳಲ್ಲಿ ಅವನು ವ್ಯಾಪಾರಿಯೇ ಅಲ್ಲ. ಬಂದವರಿಗೆಲ್ಲ, ಇವತ್ತು ಕೊಳ್ಳಬೇಡಿ, ಆರು ತಿಂಗಳು ತಡೆಯಿರಿ, ಇದರ ಅಪ್ಪನಂಥದ್ದು ಬರುತ್ತದೆ ಎಂದು ಹೇಳಿ ಕಳಿಸುತ್ತಿದ್ದ.

ಐದು ನಿಮಿಷದ ಗೀಟು ಎಳೆದ ದಿನ ನಾನು ಅಲ್ಲಿದ್ದೆ. ಬೆಳಗಿನ ಪ್ರಾರ್ಥನೆಗೆ ಒಂದು ದಿನವಾದರೂ ನನ್ನ ಜೊತೆ ಬಾ ಎಂದೆ. ವರ್ಷಗಳಿಂದ ಕೇಳುತ್ತಿದ್ದ ಮಾತು. ಅವನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ನಕ್ಕ.

"ಇದು ಅರ್ಧ ನಿಮಿಷದ ಕೆಳಗೆ ಇಳಿದ ದಿನ ಅಂಗಡಿಗೆ ಬೀಗ ಹಾಕಿ ಬರ್ತೀನಕ್ಕ. ಹೆಚ್ಚಂದ್ರೆ ಆರು ವರ್ಷ. ನಿನ್ನ ದೇವರಿಗೆ ಹೇಳು, ಜಾಗ ಹಿಡಿದಿಟ್ಟಿರಲಿ."

ಅದಾಗಿ ಇಪ್ಪತ್ತು ವರ್ಷ.

೩

(ಇಲ್ಲಿ ಪ್ರೊಸೆಸರುಗಳು ಏಕೆ ನಿಧಾನವಾದವು ಎಂದು ಹೇಳಲೇಬೇಕು. ಎರಡು ಸಲ ಬರೆದು ಹರಿದೆ. ಎರಡರಲ್ಲೂ ನಾನು ಮೇಷ್ಟರ ಹಾಗೆ ಮಾತಾಡುತ್ತಿದ್ದೆ. ನನಗೆ ಗೊತ್ತಿರುವ ಕಸುಬಿನಲ್ಲಿ ಹೇಳುತ್ತೇನೆ.)

ಅಕ್ಷರ ಚಿಕ್ಕದಾದಷ್ಟೂ ಪುಟದಲ್ಲಿ ಹೆಚ್ಚು ಮಾತು ಹಿಡಿಯುತ್ತದೆ. ಇನ್ನೂ ಚಿಕ್ಕದು, ಇನ್ನೂ ಚಿಕ್ಕದು ಎಂದು ಹೋದರೆ ಒಂದು ದಿನ ಶಾಯಿ ಹರಡಿ 'ಪ'ವೂ 'ಷ'ವೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಪ್ರೊಸೆಸರ್ ಎಂಬ ಸಿಲಿಕಾನ್ ಬಿಲ್ಲೆಯ ಮೇಲಿನ ಗೆರೆಗಳಿಗೂ ಆದದ್ದು ಇದೇ. ಹರಿಯಬಾರದ ಕಡೆ ವಿದ್ಯುತ್ತು ಜಿನುಗತೊಡಗಿತು. ಓಟ ಹೆಚ್ಚಿಸಿದರೆ ಬಿಲ್ಲೆ ಕೆಂಡವಾಗುತ್ತಿತ್ತು. ಇನ್ನೂ ಸಣ್ಣ ಗೆರೆ ಕೊರೆಯುವ ಕಾರ್ಖಾನೆ ಕಟ್ಟುವುದಾಗಿ ಹೇಳಿದವರು ವರ್ಷ ವರ್ಷವೂ ದಿನಾಂಕ ಮುಂದೂಡಿದರು. ಕೊನೆಗೆ ಒಂದು ಬಿಲ್ಲೆಯಲ್ಲಿ ಒಬ್ಬ ಕೆಲಸಗಾರನ ಬದಲು ನಾಲ್ವರು, ಎಂಟು ಮಂದಿ ಎಂದು ತುಂಬತೊಡಗಿದರು. ನಮ್ಮ ಮಂಕು ಪ್ರೋಗ್ರಾಂ ಒಬ್ಬನಿಗೇ ಕೆಲಸ ಹೇಳುವಂಥದ್ದು.

"ಎಂಟು ಜನ ಸೇರಿದ್ರೆ ಒಂದು ಸೂಜಿಗೆ ದಾರ ಬೇಗ ಪೋಣಿಸೋಕಾಗತ್ತೇನಕ್ಕ?" ಎಂದು ತಮ್ಮ ಕೇಳಿದ್ದ.

ಎರಡು ನಿಮಿಷ. ಒಂದೂಕಾಲು. ಐವತ್ತೆಂಟು ಸೆಕೆಂಡು. ಐವತ್ತೆರಡು. ಐವತ್ತೆರಡು. ಐವತ್ತೊಂದು. ಐವತ್ತೆರಡು. ಗೀಟುಗಳು ಒಂದರ ಮೇಲೊಂದು ಬಿದ್ದು ಅಲ್ಲಿ ಮರವೇ ಕಪ್ಪಾಗಿದೆ.

ನಾನು ಲೊಚಗುಟ್ಟಿದರೆ ಅವನು ಎಡಗಡೆಯ ಚೌಕಟ್ಟನ್ನು ತೋರಿಸುತ್ತಿದ್ದ. ಮಗಳ ಗೀಟುಗಳೂ ಹದಿನೇಳಕ್ಕೆ ನಿಂತಿವೆ. "ಬೆಳೆಯೋದು ನಿಂತ್ರೆ ಯಾರಾದ್ರೂ ಅಳ್ತಾರಾ? ಇನ್ಮೇಲೆ ಬಟ್ಟೆ ಬಿಗಿಯಾಗಲ್ಲ ಅಂತ ಖುಷಿ ಪಡ್ತಾರೆ." ಈಗ ಗಿರಾಕಿಗಳಿಗೆ ಅವನು ಹೇಳುತ್ತಿದ್ದದ್ದು ಬೇರೆ: ನಿಮ್ಮ ಹಳೆಯದೇ ಗಟ್ಟಿಮುಟ್ಟಾಗಿದೆ, ಧೂಳು ಒರೆಸಿಕೊಡುತ್ತೇನೆ, ಮನೆಗೆ ಹೋಗಿ. ಆಗಲೂ ವ್ಯಾಪಾರವಾಗಲಿಲ್ಲ, ಈಗಲೂ ಆಗಲಿಲ್ಲ.

ನಾನು ಮಾತ್ರ ಅರ್ಧ ನಿಮಿಷಕ್ಕಾಗಿ ಕಾಯುತ್ತಲೇ ಇದ್ದೆ. ಕೆಲಸದಿಂದ ನಿವೃತ್ತಳಾದ ಮೇಲೆ ಹಳೆಯ ಹಾಡುಗಳನ್ನು ಹುಡುಕಿ ಹುಡುಕಿ ಪಟ್ಟಿಗೆ ಸೇರಿಸಿದೆ. ಅವನು ಬರುವ ದಿನ ಅವನಿಗೆ ಒಪ್ಪುವ ಒಂದಾದರೂ ಹಾಡು ಅದರಲ್ಲಿ ಇರಲಿ ಎಂದು. ಅವನೂ ಪರೀಕ್ಷೆಗೆ ಮೊದಲು ತಪ್ಪದೆ ಕೇಳುತ್ತಿದ್ದ, ಹೊಸ ಪಟ್ಟಿ ಕೊಡಕ್ಕ ಎಂದು.

ಬುದ್ಧಿವಂತ ಓದುಗರೇ, ನಿಮಗೆ ಈಗಾಗಲೇ ಹೊಳೆದಿರಬಹುದು. ನನಗೆ ಹೊಳೆದಿರಲಿಲ್ಲ.

೫

(ನಾಲ್ಕು ಇಲ್ಲ. ಅದರಲ್ಲಿ ಅಂತ್ಯಕ್ರಿಯೆ ಇತ್ತು.)

ಅಂಗಡಿ ಖಾಲಿ ಮಾಡಲು ಹೋದ ದಿನ ತಮ್ಮನ ಮಗಳು ಅವನ ನೋಟ್‌ಬುಕ್ ತಂದುಕೊಟ್ಟಳು. ಪ್ರತಿ ಪರೀಕ್ಷೆಯ ಪಕ್ಕದಲ್ಲಿ ಪಟ್ಟಿಯಲ್ಲಿದ್ದ ಹಾಡುಗಳ ಸಂಖ್ಯೆ ಬರೆದಿದ್ದ. ಮಾತು ಕೊಟ್ಟ ವರ್ಷ ಆರು ಸಾವಿರ. ನಾಲ್ಕು ವರ್ಷದ ಹಿಂದೆ ಎಂಟು ಸಾವಿರ, ಐವತ್ತೆರಡು ಸೆಕೆಂಡು. ಅದರ ಕೆಳಗೆ ಸಣ್ಣಗೆ: "ಹಳೇ ಪಟ್ಟಿ ಹಾಕಿ ನೋಡಿದೆ. ಇಪ್ಪತ್ತೊಂಬತ್ತು."

ಪ್ರೊಸೆಸರುಗಳು ನಿಧಾನವಾದದ್ದು ನಿಜ. ಆದರೆ ಅಷ್ಟಿಷ್ಟು ಮುಂದೆ ಬರುತ್ತಲೇ ಇದ್ದವು. ಬಂದಷ್ಟನ್ನೂ ನಾನು ಹಾಡು ಹೇರಿ ಹಿಂದಕ್ಕೆ ತಳ್ಳುತ್ತಿದ್ದೆ. ನಲವತ್ತು ವರ್ಷ ಬೇರೆಯವರ ತಪ್ಪು ಹಿಡಿದವಳ ಕಣ್ಣಿಗೆ ತನ್ನ ತಪ್ಪು ಬೀಳಲಿಲ್ಲ. ಅವನಿಗೆ ನಾಲ್ಕು ವರ್ಷದಿಂದ ಗೊತ್ತಿತ್ತು. ಹೇಳಲಿಲ್ಲ, ಬರಲೂ ಇಲ್ಲ.

ಏಕೆ? ಈ ಕಥೆಯಲ್ಲಿ ನನಗೆ ಬೇಕಾದದ್ದು ಇದೊಂದೇ. ಅವನು ದೇವರ ಮುಂದೆ ಒಮ್ಮೆಯೂ ನಿಲ್ಲದೆ ಹೋದನೇ?

೬, ಮುಕ್ತಾಯ ಒಂದು

ಅವನು ಸೋಮಾರಿ. ಬೆಳಗ್ಗೆ ಏಳುವುದು ಬೇಡವಾಗಿತ್ತು. ನನ್ನ ತಪ್ಪಿನ ಮರೆಯಲ್ಲಿ ಹಾಯಾಗಿ ಮಲಗಿದ.

೬, ಮುಕ್ತಾಯ ಎರಡು

ಹೇಳಿದ್ದರೆ ನಾನು ಹಾಡು ಸೇರಿಸುವುದನ್ನು ನಿಲ್ಲಿಸುತ್ತೇನೆಂದು ಹೆದರಿದ. ನಿವೃತ್ತಿಯ ದಿನಗಳಲ್ಲಿ ನನಗಿದ್ದದ್ದು ಅದೊಂದೇ ಕೆಲಸವೆಂದು ಅವನಿಗೆ ಗೊತ್ತಿತ್ತು.

೬, ಮುಕ್ತಾಯ ಮೂರು

ಒಂದು ಮುಂಜಾನೆ, ನನಗೆ ತಿಳಿಯದಂತೆ, ಅವನು ಪ್ರಾರ್ಥನಾ ಮಂದಿರದ ಕೊನೆಯ ಸಾಲಿನಲ್ಲಿ ಬಂದು ನಿಂತು, ಕೈ ಮುಗಿದು—

"ಸಾಕಕ್ಕ," ಎಂದು ತಮ್ಮ ಕಥೆಯೊಳಗಿಂದಲೇ ತಡೆಯುತ್ತಾನೆ. "ಬದುಕಿದ್ದಾಗ ಎಳಕೊಂಡು ಹೋಗೋಕಾಗ್ಲಿಲ್ಲ, ಈಗ ಪೆನ್ನು ಸಿಕ್ತು ಅಂತ ಎಳೀತಿದ್ದೀಯ. ಇಂಥ ಸಾಲನ್ನ ಬೇರೆಯವರ ಕರಡಲ್ಲಿ ನೀನು ಬಿಡ್ತಿದ್ಯಾ?"

ಬಿಡುತ್ತಿರಲಿಲ್ಲ. ಹೊಡೆದು ಹಾಕಿದ್ದೇನೆ.

೭

ತಮ್ಮನ ಮಗಳನ್ನು ಕೇಳಿದೆ. ಪರೀಕ್ಷೆ ನಡೆಯುವಾಗ ನಿಮ್ಮಪ್ಪ ಏನು ಮಾಡುತ್ತಿದ್ದ?

"ಎದ್ದು ನಿಲ್ತಿದ್ರು ಅತ್ತೆ. ಚಪ್ಪಲಿ ಹೊರಗೆ ಬಿಟ್ಟು. ಮುಗಿಯೋ ತನಕ ಮಾತಾಡ್ತಿರ್ಲಿಲ್ಲ, ನಮ್ಮನ್ನೂ ಮಾತಾಡೋಕೆ ಬಿಡ್ತಿರ್ಲಿಲ್ಲ. ಸ್ಕ್ರೀನ್ ಮೇಲೆ ಹಾಡು ಸಾಲು ಸಾಲಾಗಿ ಹೋಗ್ತಿದ್ವಲ್ಲ, ಅದನ್ನೇ ನೋಡ್ತಿದ್ರು."

ನನ್ನ ಮುಖ ನೋಡಿ ಅವಳೇ ಮೆಲ್ಲಗೆ ಸೇರಿಸಿದಳು: ಧೂಳು ಬರಬಾರದೆಂದು ಆ ಕೋಣೆಯಲ್ಲಿ ಯಾರೂ ಚಪ್ಪಲಿ ಹಾಕುವಂತಿರಲಿಲ್ಲ. ಮಾತಾಡಿದರೆ ಪ್ರೊಸೆಸರನ್ನು ತಂಪಾಗಿಡುವ ಫ್ಯಾನಿನ ಸದ್ದು ಕೇಳುವುದಿಲ್ಲ ಎನ್ನುತ್ತಿದ್ದರು.

ಒಳ್ಳೆಯ ಹುಡುಗಿ. ಸುಳ್ಳು ಹೇಳಲು ಬಾರದು, ಅಪ್ಪನ ಹಾಗೆ. (ಅಪ್ಪನ ಹಾಗೆಯೇ? ನಾಲ್ಕು ವರ್ಷ! ಈ ಸಾಲನ್ನು ತಿದ್ದಬೇಕು. ತಿದ್ದುವುದಿಲ್ಲ.)

ಅವನು ಹೋದ ದಿನ ಜೋಡಿಸಿಟ್ಟಿದ್ದ ಕೊನೆಯ ಪ್ರೊಸೆಸರ್ ಮೇಜಿನ ಮೇಲೆ ಹಾಗೆಯೇ ಇತ್ತು. ಪರೀಕ್ಷೆ ಆಗಿರಲಿಲ್ಲ. ಯಾವ ಪಟ್ಟಿ ಹಾಕಲಿ, ಹಳೆಯದೋ ಹೊಸದೋ ಎಂದು ಅವಳು ಕೇಳಿದಳು. ಹಳೆಯದಾದರೆ ಅರ್ಧ ನಿಮಿಷದೊಳಗೆ ಮುಗಿದೇ ಮುಗಿಯುತ್ತದೆ. ಅವನ ಮಾತೂ ಉಳಿದಂತೆ, ನನ್ನ ಕಥೆಯೂ ಮುಗಿದಂತೆ.

ಹೊಸದನ್ನೇ ಹಾಕು ಎಂದೆ. ಅದಕ್ಕೆ ಮೊದಲು ಅಂದು ಅರ್ಧಕ್ಕೆ ಬಿಟ್ಟಿದ್ದ ಸಾಲನ್ನು ಪೂರ್ತಿ ಬರೆದೆ. ಇನ್ನೊಂದು ಹಾಡು, ಇನ್ನಷ್ಟು ನಿಧಾನ.

ಇಬ್ಬರೂ ಚಪ್ಪಲಿ ಹೊರಗೆ ಬಿಟ್ಟು ನಿಂತೆವು. ಹಾಡುಗಳು ಸಾಲು ಸಾಲಾಗಿ ಹೋದವು. ನಾನು ಕಣ್ಣು ಮುಚ್ಚಿಕೊಂಡೆ. ಎಷ್ಟು ಸೆಕೆಂಡು ಎಂದು ಅವಳಿಗೆ ಗೊತ್ತು, ನಾನು ಕೇಳಿಲ್ಲ. ಗೀಟು ಎಳೆಯಲೆಂದು ಸಿಕ್ಕಿಸಿಕೊಂಡ ಪೆನ್ಸಿಲ್ ಇನ್ನೂ ಅವಳ ಕಿವಿಯಲ್ಲೇ ಇದೆ.

ದೇವರೇ, ಅವನು ನಿನ್ನ ಮುಂದೆ ನಿಂತಿದ್ದನೋ ಯಂತ್ರದ ಮುಂದೆ ನಿಂತಿದ್ದನೋ, ಅದು ನಿನಗೆ ಗೊತ್ತು. ಹಿಡಿದಿಟ್ಟ ಜಾಗವನ್ನು ಬೇರೆ ಯಾರಿಗೂ ಕೊಡಬೇಡ. ಕಾಯಿಸಿದ್ದರಲ್ಲಿ ನನ್ನ ಪಾಲೂ ಇದೆ, ಅದನ್ನು ಅವನ ಲೆಕ್ಕಕ್ಕೆ ಹಾಕಬೇಡ. ನನ್ನ ತಮ್ಮನಿಗೆ ಶಾಂತಿ ಕೊಡು. ಅವಸರವೇನಿಲ್ಲ, ನಿಧಾನವಾಗಿಯೇ ಕೊಡು. ನಿಧಾನವಾದದ್ದನ್ನೂ ಪ್ರೀತಿಸುವುದನ್ನು ಅವನು ಕಲಿತಿದ್ದ.