ಎರಡನೇ ಖಾನೆಯಲ್ಲಿ ಕುಂಕುಮ

ನಾನೊಂದು ಕ್ಯಾಮೆರಾ. ಹುಟ್ಟಿದ್ದು ಸಮುದ್ರದಾಚೆಯ ಕಾರ್ಖಾನೆಯಲ್ಲಿ, ಧೂಳಿನ ಕಣವೂ ಸುಳಿಯದ ಬಿಳಿ ಕೋಣೆಯೊಳಗೆ. ನನ್ನನ್ನು ಜೋಡಿಸಿದವರು ಕೈಗೆ ಗವಸು ಹಾಕಿ, ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದರು. ಹಾಗೆ ಹುಟ್ಟಿದ ನಾನು ಬಂದು ಬಿದ್ದದ್ದು ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡ್ ಹಿಂದಿನ ಸ್ಟುಡಿಯೋಗೆ, ಕೆಂಪರಾಜು ಅನ್ನುವವನ ಕೈಗೆ. ಆ ಕೈಯಲ್ಲಿ ಆಗಷ್ಟೇ ತಿಂದ ಬೋಂಡದ ಎಣ್ಣೆಯಿತ್ತು. ಪೆಟ್ಟಿಗೆ ಬಿಚ್ಚಿದವನು ಕೈ ಒರೆಸಿಕೊಳ್ಳದೆ ನನ್ನ ಮೈಯೆಲ್ಲ ತಡವಿದ. ಥೂ! ಅವತ್ತು ಹತ್ತಿದ ಹೇಸಿಗೆ ಇವತ್ತಿಗೂ ಇಳಿದಿಲ್ಲ.

ನನ್ನ ಬಲಪಕ್ಕೆಯಲ್ಲಿ ಒಂದು ಪುಟ್ಟ ಬಾಗಿಲಿದೆ. ಅದರೊಳಗೆ ಮೆಮೊರಿ ಕಾರ್ಡ್ ಹಾಕಲು ಎರಡು ಖಾನೆ. ತೆಗೆದ ಫೋಟೊ ಒಂದೇ ಹೊತ್ತಿಗೆ ಎರಡೂ ಕಾರ್ಡಿನಲ್ಲಿ ಕೂರುತ್ತದೆ. ಒಂದು ಕೆಟ್ಟರೆ ಇನ್ನೊಂದು ಇರುತ್ತದೆ. ಒಂದೇ ಖಾನೆಯ ಕ್ಯಾಮೆರಾಗಳೂ ಬೇಕಾದಷ್ಟಿವೆ. ಹೂವು, ಹಕ್ಕಿ ತೆಗೆಯುವವರಿಗೆ ಅಷ್ಟೇ ಸಾಕು. ಇವತ್ತಿನ ಹೂವಿನ ಫೋಟೊ ಹೋದರೆ ನಾಳೆಯೂ ಹೂವು ಅರಳುತ್ತದೆ. ಮದುವೆ ತೆಗೆಯುವವನು ಹಾಗೆ ಅಂದುಕೊಳ್ಳುವ ಹಾಗಿಲ್ಲ.

ಕೆಂಪರಾಜುವಿಗೆ ಇದು ಚೆನ್ನಾಗಿ ಗೊತ್ತಿತ್ತು. ಮೊದಮೊದಲು ಎರಡೂ ಕಾರ್ಡ್ ಹಾಕುತ್ತಿದ್ದ. ಆಮೇಲೆ ಒಂದು ದಿನ ಎರಡನೆಯದನ್ನು ಕಿತ್ತು, ಹಾಡು ತುಂಬಿಸಿ, ತನ್ನ ಕಾರಿನ ಸ್ಟೀರಿಯೋಗೆ ಸಿಕ್ಕಿಸಿದ. ಹೆಂಡತಿ ಕೇಳಿದ್ದಕ್ಕೆ, "ಒಂದೇ ಸಾಕು ಬಿಡೇ. ನಮ್ಮಪ್ಪ ರೀಲು ಹಾಕ್ತಿದ್ದಾಗ ಎರಡೆರಡು ಹಾಕ್ತಿದ್ನಾ?" ಅಂದ. ಅಪ್ಪನ ಕಾಲದ ರೀಲಿನ ಲೆಕ್ಕ ನನಗೆ! ಆದರೆ ಗಿರಾಕಿ ಬಂದರೆ ಮಾತ್ರ ನನ್ನ ಬಾಗಿಲು ತೆರೆದು ಎರಡು ಖಾನೆಯ ಪುರಾಣ ಶುರು ಮಾಡುತ್ತಿದ್ದ.

ಪುಟ್ಟತಾಯಮ್ಮನವರಿಗೂ ಅದೇ ಪುರಾಣ ಹೇಳಿದ. ಆಕೆ ಮಾರ್ಕೆಟ್ಟಿನಲ್ಲಿ ಹೂವಿನ ಅಂಗಡಿ ಇಟ್ಟವರು. ಗಂಡ ತೀರಿಕೊಂಡಾಗ ಮಗಳು ಭಾನುಮತಿ ಇನ್ನೂ ತೊಟ್ಟಿಲಲ್ಲಿದ್ದಳಂತೆ. ಈಗ ಆ ಮಗಳ ಮದುವೆ.

"ವಿಡಿಯೊ ಬೇಡ ಕಣಪ್ಪ, ಫೋಟೊ ಸಾಕು," ಅಂದರು. "ಧಾರೆ ನಾನೇ ಎರೆಯೋದು. ಮಗಳೂ ಹಂಗೇ ಅಂತಾವ್ಳೆ. ನಮ್ಮ ಮೈದುನ ಹೊಂಬಾಳೇಗೌಡ, 'ಗಂಡ ಸತ್ತೋಳು ಮಂಟಪ ಹತ್ತಬಾರ್ದು, ಧಾರೆಗೆ ನಾನೂ ನನ್ ಹೆಂಡ್ತಿನೂ ಕೂರ್ತೀವಿ' ಅಂತ ಕುಣೀತಾವ್ನೆ. ನಾನು ಎರೀತಿರೋ ಫೋಟೊ ಒಂದು ಚೆಂದಾಗಿ ಬರಲಿ. ದೊಡ್ಡದಾಗಿ ಕಟ್ಟು ಹಾಕ್ಸಿ ನಡುಮನೇಲಿ ನೇತಾಕ್ತೀನಿ. ನಾಳೆ ಯಾರೂ ಇಲ್ಲ ಅನ್ನಬಾರ್ದು. ಫೋಟೊ ಹೋಗಲ್ಲ ತಾನೆ?"

"ಅಯ್ಯೋ ಅಮ್ಮ, ನೋಡಿ ಇಲ್ಲಿ. ಎರಡು ಖಾನೆ! ಒಂದು ಹೋದ್ರೆ ಇನ್ನೊಂದು."

ಆಕೆ ಬಗ್ಗಿ ನೋಡಿದರು. "ಇನ್ನೊಂದು ಖಾಲಿ ಐತಲ್ಲಪ್ಪ?"

"ಮದುವೆ ದಿನ ಹಾಕ್ತೀನಮ್ಮ. ಈಗ್ಲೇ ಯಾಕೆ ಸುಮ್ನೆ ಸವೆಸೋದು?"

ನಡುವೆ ಆಯುಧಪೂಜೆ ಬಂತು. ಅವತ್ತು ನನಗಾದ ಗತಿ ಯಾವ ಯಂತ್ರಕ್ಕೂ ಬೇಡ. ಕೆಂಪರಾಜು ನನಗೆ ವಿಭೂತಿ ಪಟ್ಟೆ ಬಳಿದ, ಲೆನ್ಸಿನ ಮೂತಿಗೆ ಅರಿಶಿನ ಮೆತ್ತಿದ, ಗುಂಡಿಗಳ ಸಂದಿಯಲ್ಲಿ ಚೆಂಡುಹೂವಿನ ಎಸಳು ತುರುಕಿದ. ಅಷ್ಟಕ್ಕೂ ಸಮಾಧಾನವಾಗಲಿಲ್ಲ. ಬಾಗಿಲು ತೆರೆದು, ಖಾಲಿ ಬಿದ್ದಿದ್ದ ಎರಡನೇ ಖಾನೆಯೊಳಗೆ ನೀರಲ್ಲಿ ಕಲಸಿದ ಚಿಟಿಕೆ ಕುಂಕುಮ ಹಚ್ಚಿ, ಮೇಲೊಂದು ಅಕ್ಷತೆ ಕಾಳು ಅಂಟಿಸಿದ. "ಒಳಗಿರೋ ಲಕ್ಷ್ಮಿಗೂ ಆಗ್ಲಿ" ಅಂದ. ಅವನ ಭಕ್ತಿಗಿಷ್ಟು! ಕಾರ್ಡ್ ಇರಬೇಕಾದ ಜಾಗದಲ್ಲಿ ಕುಂಕುಮ ಇಟ್ಟು ಕೈಮುಗಿಯುವವನಿಗೆ ಏನನ್ನಬೇಕು? ಹೊರಗಿನದನ್ನು ಮಾರನೆಯ ದಿನ ಒರೆಸಿದ. ಒಳಗಿನದು ಹಾಗೇ ಉಳಿಯಿತು.

ಮದುವೆ ದಿನವೂ ಎರಡನೇ ಕಾರ್ಡ್ ಕಾರಿನಲ್ಲೇ ಹಾಡುತ್ತಿತ್ತು.

ಧಾರೆಯ ಹೊತ್ತಿಗೆ ಕೆಂಪರಾಜು ಮಂಟಪದ ಎದುರಿಗೇ ಕಾಲು ಅಗಲಿಸಿ ನಿಂತ. "ಮೊಬೈಲ್‌ನೋರು ಸೈಡಿಗೆ ಬನ್ರೀ! ಅಡ್ಡ ಬರಬೇಡಿ!" ಎಂದು ಎಲ್ಲರನ್ನೂ ಗದರಿಸಿ ಹಿಂದಕ್ಕಟ್ಟಿದ. ಅವನ ಬೆವರಿನ ಮೂಗು ನನ್ನ ಬೆನ್ನಿಗೆ ಒತ್ತಿಕೊಂಡಿತ್ತು, ನನಗೆ ವಾಕರಿಕೆ. ಸಭಿಕರಲ್ಲಿ ಅರ್ಧ ಜನ ಆಗಲೇ ಊಟದ ಪಂಕ್ತಿಯಲ್ಲಿ ಜಾಗ ಹಿಡಿಯಲು ಓಡಿದ್ದರು. ಹೊಂಬಾಳೇಗೌಡ ಮಂಟಪದ ಕಂಬದ ಪಕ್ಕ ಹಲ್ಲು ಕಚ್ಚಿಕೊಂಡು ನಿಂತಿದ್ದ.

ಆದರೆ ಆ ಗಳಿಗೆ ಮಾತ್ರ, ನಿಜ ಹೇಳುತ್ತೇನೆ, ನನ್ನ ಹೇಸಿಗೆಯೆಲ್ಲ ಮರೆತುಹೋಯಿತು. ತೆಂಗಿನಕಾಯಿ ಹಿಡಿದ ಮಗಳ, ಅಳಿಯನ ಕೈಮೇಲೆ ಪುಟ್ಟತಾಯಮ್ಮ ಚೊಂಬು ಬಗ್ಗಿಸಿದರು. ತುಟಿ ನಡುಗುತ್ತಿತ್ತು, ಚೊಂಬು ನಡುಗಲಿಲ್ಲ. ಹಾಲು ಬೆರೆಸಿದ ನೀರು ಸಣ್ಣಗೆ, ಒಂದೇ ಸಮ ಇಳಿಯಿತು. ಭಾನುಮತಿ ಅಮ್ಮನ ಮುಖ ನೋಡುತ್ತ ಅತ್ತಳು. ನಾನು ಒಂದು ಹನಿಯನ್ನೂ ಬಿಡದೆ ಹಿಡಿದೆ. ನನ್ನ ಜನ್ಮದಲ್ಲಿ ಅಷ್ಟು ಒಳ್ಳೆಯ ಫೋಟೊ ನಾನು ತೆಗೆದಿರಲಿಲ್ಲ.

ಅಷ್ಟರಲ್ಲಿ ಹೊಂಬಾಳೇಗೌಡನ ಕಡೆಯ ಒಬ್ಬ ಮುಖಂಡರು ಬಂದರು. ಹಾರ, ಶಾಲು, ಜೈಕಾರ. ಕೆಂಪರಾಜು ಅವರನ್ನು ಪಟಪಟ ತೆಗೆದ. ಅವರು ಹೊರಡುವುದರೊಳಗೆ ಪ್ರಿಂಟು ಕೈಗಿಟ್ಟು ಹಲ್ಲುಗಿಂಜಬೇಕು ಎಂಬ ಆತುರ ಅವನಿಗೆ. ನನ್ನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ದೀಪ ಉರಿಯುತ್ತಿದ್ದರೆ ನಾನಿನ್ನೂ ಬರೆಯುತ್ತಿದ್ದೇನೆ, ಮುಟ್ಟಬೇಡ ಎಂದರ್ಥ. ಹಾಲು ಕುಡಿಯುವ ಕೂಸನ್ನು ಕಿತ್ತ ಹಾಗೆ ಕಾರ್ಡನ್ನು ಕಿತ್ತುಕೊಂಡು ಪ್ರಿಂಟರ್ ಕಡೆ ಓಡಿದ.

ಕಾರ್ಡ್ ಸತ್ತಿತ್ತು. ಯಾವ್ಯಾವುದೋ ಸಾಫ್ಟ್‌ವೇರ್ ಹಾಕಿ ಹಿಂಡಿದರೆ ಕೊನೆಗೆ ಉಳಿದು ಬಂದದ್ದು ಮುಖಂಡರ ಅರ್ಧ ಶಾಲು. ಛೀ, ಉಳಿಯುವುದಕ್ಕೂ ಅದೇ ಬೇಕಿತ್ತೇ!

ಕೆಂಪರಾಜು ತಿಂಗಳುಗಟ್ಟಲೆ "ಆಲ್ಬಂ ಆಗ್ತಾ ಇದೆ ಅಮ್ಮ" ಅಂದ. ಕೊನೆಗೆ ತಾಯಿ ಮಗಳು ಸ್ಟುಡಿಯೋಗೇ ಬಂದು ಕೂತರು.

"ಹೇಳೋಕೆ ಬಾಯಿ ಬರ್ತಿಲ್ಲಮ್ಮ," ಅಂದ. ಬಾಯೇನೋ ಚೆನ್ನಾಗಿಯೇ ಬಂತು. "ಎರಡು ಕಾರ್ಡೂ ಒಟ್ಟಿಗೇ ಹೋಗ್ಬಿಟ್ವು. ಮಿಷಿನ್ನೇ ಸರಿಯಿಲ್ಲ. ದರಿದ್ರದ್ದು!"

ದರಿದ್ರ ನಾನಂತೆ! ನನಗೆ ಕೈಯಿದ್ದಿದ್ದರೆ ಅವತ್ತು ಅವನ ಕೆನ್ನೆ ಉಳಿಯುತ್ತಿರಲಿಲ್ಲ.

ಭಾನುಮತಿ ಪೆಚ್ಚಾಗಿ ತನ್ನ ಮೊಬೈಲ್ ಮುಂದಿಟ್ಟಳು. ನೆಂಟರೆಲ್ಲ ತೆಗೆದದ್ದನ್ನು ಕೂಡಿಸಿ ತಂದಿದ್ದಳು. ಧಾರೆಯ ಒಂದೊಂದು ಫೋಟೊದಲ್ಲೂ ಕೆಂಪರಾಜುವಿನ ಅಗಲವಾದ ಬೆನ್ನು. ಅಮ್ಮನಿರಬೇಕಾದ ಕಡೆ ಅವನ ಅಂಗಿಯ ಬೆವರಿನ ಕಲೆ.

ಪುಟ್ಟತಾಯಮ್ಮ ನನ್ನ ಕಡೆ ಕೈ ತೋರಿಸಿದರು. "ಆ ಬಾಗಿಲು ತೆಗಿ ನೋಡೋಣ. ಅವತ್ತು ತೋರ್ಸಿದ್ಯಲ್ಲ."

"ಅದ್ರಲ್ಲಿ ಏನಿರುತ್ತಮ್ಮ ಈಗ..."

ಭಾನುಮತಿಯೇ ನನ್ನನ್ನೆತ್ತಿಕೊಂಡು ಬಾಗಿಲು ತೆರೆದಳು. ಎರಡನೇ ಖಾನೆಯಲ್ಲಿ ಆಯುಧಪೂಜೆಯ ಕುಂಕುಮ ಇಟ್ಟ ಹಾಗೇ ಒಣಗಿ ಕೂತಿತ್ತು. ಅಕ್ಷತೆ ಕಾಳೂ ಕದಲಿರಲಿಲ್ಲ. ಪುಟ್ಟತಾಯಮ್ಮ ಕಿರುಬೆರಳಿನಿಂದ ಮುಟ್ಟಿ, ತುದಿಗೆ ಹತ್ತಿದ ಕೆಂಪನ್ನು ನೋಡಿದರು. ಬಹಳ ವರ್ಷದಿಂದ ಆ ಬೆರಳಿಗೆ ಕುಂಕುಮ ಹತ್ತಿರಲಿಲ್ಲ.

"ಹಬ್ಬದ್ದು ಇದು. ಮದುವೆ ಆದದ್ದು ಹಬ್ಬ ಕಳೆದ ಮೇಲೆ. ಕಾರ್ಡ್ ಹಾಕಿದ್ರೆ ಇದು ಇರ್ತಿತ್ತೇನಪ್ಪ?"

ಕೆಂಪರಾಜು ಬೆವತ. "ಅಮ್ಮ, ಒಂದು ಕೆಲಸ ಮಾಡೋಣ. ಇನ್ನೊಂದ್ಸಲ ಮಂಟಪ ಹಾಕ್ಸಿ, ಅದೇ ಸೀರೆ ಉಟ್ಕೊಂಡು ನಿಂತ್ಕೊಳ್ಳಿ. ನೀರು ಬಿಟ್ಟಂಗೆ ಮಾಡಿ, ನಾನು ತೆಗೀತೀನಿ. ಯಾರಿಗೂ ಗೊತ್ತಾಗಲ್ಲ."

"ಧಾರೆ ಎಲ್ಲಾದ್ರೂ ಎರಡು ಸಲ ಎರೀತಾರೇನೋ? ಒಂದೇ ಸಲ ಆಗೋದು ಅಂತಲೇ ತಾನೆ ನಿನ್ ಮಿಷಿನ್ನಿಗೆ ಎರಡು ಖಾನೆ ಮಡಗಿರೋದು?"

ಆಕೆ ತಗ್ಗಿದ ದನಿಯಲ್ಲಿ ಮತ್ತೆ ಕೇಳಿದರು: "ಹೋಗ್ಲಿ ಬಿಡು. ನೀನು ಎದುರಿಗೇ ನಿಂತಿದ್ದೆ. ಹೊಂಬಾಳೇಗೌಡ, 'ಅವಳು ಸುಮ್ನೆ ಚೊಂಬು ಮುಟ್ಟಿದ್ಲು, ಎರೆದದ್ದು ನಾವು' ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಾವ್ನೆ. ನಮ್ಮನೆಯೋರ ಮಾತು ಯಾರೂ ನಂಬ್ತಿಲ್ಲ. ನನ್ ಜೊತೆ ಬಂದು ಒಂದು ಮಾತು ಹೇಳು. ಕಂಡಿದ್ದೀನಿ ಅನ್ನು. ಅಷ್ಟು ಸಾಕು."

ಹೊಂಬಾಳೇಗೌಡನ ಮಗನ ಮದುವೆಯ ಆರ್ಡರ್ ಆಗಲೇ ಕೆಂಪರಾಜುವಿನ ಕೈಯಲ್ಲಿತ್ತು.

"ನಾನು ಫೋಕಸ್ ನೋಡ್ತಿದ್ದೆ ಕಣಮ್ಮ," ಅಂದ. "ಯಾರ ಕೈ ಅಂತ ಸರಿಯಾಗಿ ಗಮನಿಸ್ಲಿಲ್ಲ."

ಬೋಂಡದ ಎಣ್ಣೆ, ಮೂಗಿನ ಬೆವರು, ಎಲ್ಲವನ್ನೂ ನಾನು ಸಹಿಸಿಕೊಂಡಿದ್ದೆ. ಈ ಮಾತು ಕೇಳಿದ ಮೇಲೆ ಅವನ ಕೈ ಸೋಕಿದರೂ ಮೈ ಉರಿಯುತ್ತಿತ್ತು. ತಾಯಿ ಮಗಳು ಎದ್ದು ಹೋದರು. ಹೋಗುವಾಗ ಪುಟ್ಟತಾಯಮ್ಮ ಬೆರಳಿನ ಕುಂಕುಮವನ್ನು ಒರೆಸಿಕೊಳ್ಳಲಿಲ್ಲ.

ಕೆಟ್ಟ ಮಿಷಿನ್ ಎಂಬ ಹೆಸರು ಹೊತ್ತು ನಾನು ಹಾಸನದ ಒಂದು ರಿಪೇರಿ ಅಂಗಡಿಗೆ ಮಾರಾಟವಾದೆ. ಅಂಗಡಿಯವನು ಬ್ರಷ್ ಹಾಕಿ ಕುಂಕುಮ ತೆಗೆದು, "ಎರಡನೇ ಖಾನೆ ಹೊಸದರ ಹಾಗೇ ಐತಲ್ಲ!" ಎಂದು ಆಶ್ಚರ್ಯಪಟ್ಟ. ಕೊಳ್ಳುವವರು ಯಾರೂ ಬರಲಿಲ್ಲ. ನನಗಿಂತ ಹೊಸ ಕ್ಯಾಮೆರಾಗಳು ಬಂದವು, ನಾನು ಕೆಳಗಿನ ಡ್ರಾಯರ್‌ಗೆ ಹೋದೆ. ಈಗ ಬ್ಯಾಟರಿಯಿಲ್ಲ, ಲೆನ್ಸಿಗೆ ಬೂಸಲು ಹತ್ತಿದೆ. ಕ್ಯಾಮೆರಾಕ್ಕೆ ಎರಡು ಖಾನೆ ಬೇಕೇ ಎಂದು ಗಿರಾಕಿಗಳು ಮೇಲೆ ವಾದ ಮಾಡುವುದು ಕೇಳಿಸುತ್ತದೆ. ಬೇಕು ಮಾರಾಯರೇ, ಬೇಕು. ಕಂಡದ್ದನ್ನು ಕಂಡೆ ಅನ್ನುವ ಮನುಷ್ಯ ಎದುರಿಗಿದ್ದರೆ ಒಂದು ಸಾಕು. ಅಂಥವನು ನನಗೆ ಸಿಗಲಿಲ್ಲ.

ಅವನು ಹೇಳದಿದ್ದರೆ ಬೇಡ, ನಾನು ಹೇಳುತ್ತೇನೆ. ಅವತ್ತು ಧಾರೆ ಎರೆದದ್ದು ಪುಟ್ಟತಾಯಮ್ಮ. ಚೊಂಬು ಆಕೆಯ ಕೈಯಲ್ಲಿತ್ತು. ನಾನು ಕಂಡಿದ್ದೇನೆ.