ತಾಳೆಗೊನೆಯ ಲಾರಿ

“ಎತ್ತೇ ಅವನ ಅಂಗಿ. ನೋಡಿ ಕಂಪೌಂಡ್ರೆ, ಗಂಡನ ಬೆನ್ ಮೇಲೆ ಹೆಂಗೆ ಹುಲಿಪಟ್ಟೆ ಬರ್ದವ್ಳೆ” ಎಂದು ಮೇಸ್ತ್ರಿ ಸುಕಿರ್ಮಾನ್ ಹಲ್ಲು ಕಿರಿದ.

ನನ್ನ ಗಂಡ ಪೊನಿರಾನ್ ತೋಟದ ಆಸ್ಪತ್ರೆಯ ಬೆಂಚಿನ ಮೇಲೆ ಮುಂದಕ್ಕೆ ಬಾಗಿ ಕೂತಿದ್ದ. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಆ ಪಟ್ಟೆ ಎಳೆದವಳು ನಾನೇ. ಜಾವಾದಿಂದ ಈ ಸುಮಾತ್ರಾ ತೋಟಕ್ಕೆ ಬಂದ ನಮ್ಮವರು ಜ್ವರ ಬಂತೆಂದರೆ ಮೈಗೆ ಗಾಳಿ ಹೊಕ್ಕಿತು ಅನ್ನುತ್ತಾರೆ. ಎಣ್ಣೆ ಸವರಿ, ನಾಣ್ಯದ ಅಂಚಿನಿಂದ ಬೆನ್ನು ಕೆಂಪಾಗುವ ತನಕ ಗೀರುತ್ತಾರೆ. ನಾನೂ ಮೂರು ವಾರ ಗೀರಿದೆ. ಅದು ಟೈಫಾಯ್ಡ್ ಅಂತ ತಿಳಿಯುವಷ್ಟರಲ್ಲಿ ಎದೆಗೂ ಏರಿತ್ತು. ಈ ಕೈಯನ್ನು ಕಡಿದುಕೊಳ್ಳಬೇಕು ಅನ್ನಿಸುತ್ತಿತ್ತು ನನಗೆ.

ಕಂಪೌಂಡರ್ ಬೆನ್ನ ಮೇಲೆ ಬೆರಳಿಟ್ಟು ತಟ್ಟಿದ. ಬಲಗಡೆ ಬರೀ ಮಂದ ಸದ್ದು.

“ಶ್ವಾಸಕೋಶದ ಸುತ್ತ ಕೀವು ತುಂಬೈತೆ. ಪಟ್ಟಣದ ಆಸ್ಪತ್ರೇಲಿ ಕೊಳವೆ ಹಾಕಿ ತೆಗೀಬೇಕು. ಇವತ್ತೇ.”

“ಜೀಪ್ ಇಲ್ಲ. ತೋಟದ ಸಾಹೇಬ್ರ ನೆಂಟ್ರನ್ನ ಕರ್ಕಂಬರಕ್ ಹೋಗೈತೆ. ನಾಳೆ ನೋಡಣ” ಎಂದ ಮೇಸ್ತ್ರಿ.

“ನಾಳೆಗಂಟ ಇವ್ನು ಇರ್ತಾನಾ ಮೇಸ್ತ್ರಿಯೋರೆ?” ಎಂದೆ ನಾನು.

“ನನ್ನೇನ್ ಕೇಳ್ತೀಯೆ ತುಮಿನಾ? ಕಾಲ್ವೆ ನೀರು ಕುಡೀಬೇಡಿ ಅಂದ್ರೆ ಕೇಳಲ್ಲ, ಹಲ್ಕಾ ಮುಂಡೇವು.”

“ನಮ್ ಸಾಲ್ಮನೆಗೆ ಬ್ಯಾರೆ ನೀರೆಲ್ಲೈತೆ? ನಿಮ್ ನಲ್ಲಿ ತಾವ ಬಂದ್ರೆ ನಾಯಿ ಬಿಡ್ತೀರ.”

ಅವನು ಉಗಿದು ಹೊರಗೆ ಹೋದ.

ಅಂಗಳದಲ್ಲಿ ಡ್ರೈವರ್ ಬೋನಾರನ ಲಾರಿ ತಾಳೆಗೊನೆ ತುಂಬಿಕೊಂಡು ಎಣ್ಣೆ ಗಿರಣಿಗೆ ಹೊರಡುತ್ತಿತ್ತು. ಕೊಯ್ದ ತಾಳೆಗೊನೆ ತಡವಾದರೆ ಎಣ್ಣೆ ಕೆಡುತ್ತದೆ. ಅದಕ್ಕೇ ಈ ತೋಟದಲ್ಲಿ ಹಣ್ಣಿನ ಲಾರಿಗೆ ಯಾರೂ ಅಡ್ಡ ಬರುವಂತಿಲ್ಲ, ಹೆರಿಗೆ ನೋವು ತಿನ್ನುವವಳೂ ದಾರಿ ಬಿಡಬೇಕು. ನಾನು ಹೋಗಿ ಲಾರಿಯ ಮುಂದೆ ಮಣ್ಣಲ್ಲಿ ಕೂತೆ.

ನನ್ನ ಜೊತೆ ಉದುರುಹಣ್ಣು ಆರಿಸುವ ವಾಗಿಯೆಮ್ ಚೀಲ ಬಿಸಾಕಿ ಬಂದು ಪಕ್ಕದಲ್ಲಿ ಕೂತಳು. ಆಮೇಲೆ ಸಾಲ್ಮನೆಯ ಹೆಂಗಸರೆಲ್ಲ ಕೂತರು.

“ಎದ್ದೇಳ್ರೇ! ಎಲ್ಲಾರ್ ಕೆಲ್ಸಾನೂ ಹೋಗ್ತೈತೆ” ಎಂದು ಮೇಸ್ತ್ರಿ ಓಡಿ ಬಂದ.

“ಹೋದ್ರೆ ಹೋಗ್ಲಿ. ಬೋನಾರಣ್ಣ, ಹಿಂದಿನ್ ಬಾಗ್ಲು ಬಿಚ್ಚು” ಎಂದಳು ವಾಗಿಯೆಮ್.

ಬೋನಾರನ ತಮ್ಮ ಹೋದ ವರ್ಷ ಇದೇ ಜ್ವರದಲ್ಲಿ ಸತ್ತಿದ್ದ. ಬೋನಾರ್ ಮೇಸ್ತ್ರಿಯ ಕಡೆ ಒಂದು ಸಲ ನೋಡಿದ, ಇಳಿದು ಬಂದು ಚಿಲಕ ತೆಗೆದ.

ಹೆಂಗಸರು ಗೊನೆಗಳನ್ನು ಎಳೆದೆಳೆದು ರಸ್ತೆಗೆ ಕೆಡವಿದರು. ಮುಳ್ಳು ತಾಗಿ ಅಂಗೈಯೆಲ್ಲ ರಕ್ತ. ಕಂಪೌಂಡರ್ ತಾನೇ ಪೊನಿರಾನನ ಕಂಕುಳಿಗೆ ಕೈಹಾಕಿ ಎತ್ತಿ ಕೊಟ್ಟ. ನಾನು ಲಾರಿಯಲ್ಲಿ ಹಾಸಿದ ಚಾಪೆಯ ಮೇಲೆ ಕೂತು ಅವನನ್ನು ಎದೆಗೆ ಒರಗಿಸಿಕೊಂಡೆ.

“ಸಾಹೇಬ್ರಿಗೆ ಏನ್ ಹೇಳ್ಲೇ ನಾನು?” ಮೇಸ್ತ್ರಿ ಲಾರಿಯ ಹಿಂದಿನ ಬಾಗಿಲು ಹಿಡಿದು ನನ್ನನ್ನು ಕೇಳಿದ.

“ಹಣ್ಣು ಇಲ್ಲೇ ಬಿದ್ದೈತೆ, ನೆಂಟ್ರನ್ನ ಇಳಿಸಿ ಜೀಪಲ್ಲಿ ತುಂಬ್ಕಂಡ್ ಹೋಗಿ ಅನ್ನು” ಎಂದೆ.

ಲಾರಿ ಹೊರಟಿತು. ಪಟ್ಟಣಕ್ಕೆ ಎರಡು ಗಂಟೆಯ ದಾರಿ. ನನಗೊರಗಿದ್ದ ಅವನ ಬೆನ್ನು ಎಡಗಡೆ ಮಾತ್ರ ಏರಿಳಿಯುತ್ತಿತ್ತು.