ಎಡಗೈಯವನ ಉಳಿಗಳು

ಕೋರ್ಟಿನ ಆದೇಶ ಅಚ್ಚಕನ್ನಡದಲ್ಲೇ ಇತ್ತು. ಅರ್ಥವಾಗಲಿಲ್ಲ ಎಂದು ಹೆಡ್ ಕಾನ್ಸ್‌ಟೇಬಲ್ ಅಂಕಯ್ಯ ಯಾವ ಬಾಯಲ್ಲಿ ಹೇಳಿಯಾನು? ಹೊಡೆದಾಟದಲ್ಲಿ ರಕ್ತ ಕಂಡ ಒಂದು ಉಳಿಯನ್ನು ನಾಶಮಾಡಿ, ಪೆಟ್ಟಿಗೆಯಲ್ಲಿದ್ದ ಮಿಕ್ಕ ಆರನ್ನು ಚಲುವಯ್ಯನ ಮನೆಯವರಿಗೆ ಕೊಡಿ ಎಂದಿತ್ತು. ಚಲುವಯ್ಯ ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವನು. ಜಗಳದಲ್ಲಿ ಜೊತೆಗಾರನ ಭುಜಕ್ಕೆ ಉಳಿ ಹಾಕಿ ಮೂರು ವರ್ಷದ ಸಜೆಗೆ ಹೋಗಿದ್ದ.

ಜೈಲಿಗೆ ಹೋದವನಿಗೆ ಉಳಿ ಯಾಕೆ ಎಂದುಕೊಂಡ ಅಂಕಯ್ಯ ಚಲುವಯ್ಯನ ಮನೆಗೆ ನೋಟಿಸನ್ನೇ ಕಳಿಸಲಿಲ್ಲ. ಅದೇ ತಿಂಗಳು ಅಂಕಯ್ಯನ ಅಳಿಯ ಬೊಂಬೆ ಕಡೆಯುವ ಲೇತು ಯಂತ್ರ ಹಾಕಿ, ಒಳ್ಳೆಯ ಉಳಿ ಸಿಗುತ್ತಿಲ್ಲ ಎಂದು ಮುಖ ಊದಿಸಿಕೊಂಡು ಕೂತಿದ್ದ. "ಒಸಿ ದಿನ ಇಟ್ಕೊ, ಕೇಳ್ದಾಗ ಕೊಡು" ಎಂದು ಅಂಕಯ್ಯ ಪೆಟ್ಟಿಗೆಯನ್ನೇ ಅವನಿಗೆ ಕೊಟ್ಟುಬಿಟ್ಟ. ಠಾಣೆಯಲ್ಲಿ ತುಕ್ಕು ಹಿಡಿಯುವುದಕ್ಕಿಂತ ಮೇಲಲ್ಲವೇ ಎಂದು ತನಗೆ ತಾನೇ ಸಮಾಧಾನವನ್ನೂ ಹೇಳಿಕೊಂಡಿದ್ದ, ಪುಣ್ಯಾತ್ಮ.

ಈಗ ಚಲುವಯ್ಯ ಬಿಡುಗಡೆಯಾಗಿ ಬಂದು ಎದುರಿಗೆ ನಿಂತಿದ್ದ. ಸುದ್ದಿ ತಿಳಿದ ಅಂಕಯ್ಯ ಹಿಂದಿನ ದಿನವೇ ಅಳಿಯನ ಮನೆಗೆ ಓಡಿಹೋಗಿ ಪೆಟ್ಟಿಗೆ ತಂದಿದ್ದ. ಎಣಿಸಿದರೆ ಆರೂ ಇದ್ದವು.

ಚಲುವಯ್ಯ ಒಂದನ್ನೆತ್ತಿ ಎಡಗೈಯಲ್ಲಿ ಹಿಡಿದ. ಅಲಗಿನ ಮೇಲೆ ಹೆಬ್ಬೆರಳು ಆಡಿಸಿದ. "ಸ್ವಾಮಿ, ಇದನ್ನ ಯಾರೋ ಮಸೆದವ್ರೆ."

ಅಂಕಯ್ಯ ರಸೀದಿಯನ್ನು ಮುಂದಕ್ಕೆ ತಳ್ಳಿದ.

"ನಮ್ಮಪ್ಪ ನನ್ನ ಎಡಗೈಗೇ ಅಂತ ಅಲಗನ್ನ ಓರೆಯಾಗಿ ಮಸೆದು ಕೊಟ್ಟಿದ್ದ. ಈಗ ಬಲಗೈಯೋರ ಓರೆ ಮಾಡವ್ರೆ. ಗೇಣುದ್ದ ಇದ್ದದ್ದು ಬೆರಳುದ್ದಕ್ಕೆ ಬಂದೈತೆ. ತಿರುಗಿ ಮಸೆದ್ರೆ ಹಿಡಿ ಬುಟ್ರೆ ಇನ್ನೇನೂ ಮಿಕ್ಕಾಕಿಲ್ಲ."

ಕೂಗಾಡುತ್ತಾನೆ ಎಂದು ಅಂಕಯ್ಯ ಕಾದ. ಚಲುವಯ್ಯ ಉಳಿಯನ್ನು ಮೆಲ್ಲಗೆ ಪೆಟ್ಟಿಗೆಗೆ ಇಟ್ಟ. "ಸಜಾ ಆದೋನು ನಾನು, ಏನಂತ ಕೇಳ್ಲಿ. ಸಯ್ ಎಲ್ಲಿ ಹಾಕ್ಬೇಕು ಹೇಳಿ ಸ್ವಾಮಿ."

ರಸೀದಿಯಲ್ಲಿ 'ಎಲ್ಲವೂ ಸುಸ್ಥಿತಿಯಲ್ಲಿ ತಲುಪಿದೆ' ಎಂದಿತ್ತು. ಬೆಳಿಗ್ಗೆ ಅಂಕಯ್ಯನೇ ಬರೆದಿಟ್ಟಿದ್ದ ಸಾಲು. ಅದನ್ನು ನೋಡಿ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಚಲುವಯ್ಯ ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದ. ನಿವೃತ್ತಿಗೆ ಆರೇ ತಿಂಗಳಿತ್ತು. ಆದರೂ ಸಾಲು ಹೊಡೆದುಹಾಕಿ, 'ನನ್ನಿಂದ ಹಾಳಾಗಿದೆ' ಎಂದು ಬರೆದು ಸಹಿ ಹಾಕಿದ.

"ನನ್ನ ಅಳಿಯಂಗೆ ಕೊಟ್ಟಿದ್ದೆ ಕಣಪ್ಪಾ. ತಪ್ಪಾಗೋಯ್ತು."

ಚಲುವಯ್ಯ ಆ ಸಾಲನ್ನು ಎರಡು ಸಲ ಓದಿದ.

"ಬರೆದ್ರಲ್ಲ, ಒಳ್ಳೇದಾಯ್ತು ಸ್ವಾಮಿ. ಬರೆದ್ರೆ ಉಳಿ ಉದ್ದ ಆಯ್ತದಾ?"

ವ್ಯಂಗ್ಯವಿರಲಿಲ್ಲ ಆ ದನಿಯಲ್ಲಿ. ಚಲುವಯ್ಯ ಎಡಗೈಯಲ್ಲಿ ನಿಧಾನವಾಗಿ ಸಹಿ ಹಾಕಿ, ಪೆಟ್ಟಿಗೆ ಎತ್ತಿಕೊಂಡು ಹೋದ.